ವಾರಕ್ಕೆ ಆರು ಮೊಟ್ಟೆ: ಎರಡು ತೆರಿಗೆಯದ್ದು, ನಾಲ್ಕು ದಾನದ್ದು

ಸರ್ಕಾರಿ ಶಾಲೆಯ ಮಧ್ಯಾಹ್ನದ ಊಟದ ಸಾಲು. ತಟ್ಟೆಗೆ ಅನ್ನ, ಸಾಂಬಾರು ಬೀಳುತ್ತದೆ. ಪಕ್ಕದಲ್ಲಿ ಸಿಪ್ಪೆ ಸುಲಿದ ಒಂದು ಬೇಯಿಸಿದ ಮೊಟ್ಟೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಇಲ್ಲವೇ ಶೇಂಗಾ ಚಿಕ್ಕಿ. ವಾರದ ಆರೂ ದಿನ ಹೀಗೆ. ಈ ಆರರಲ್ಲಿ ಎರಡು ಮೊಟ್ಟೆಯ ದುಡ್ಡು ರಾಜ್ಯ ಸರ್ಕಾರದ್ದು, ಉಳಿದ ನಾಲ್ಕರದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್‌ನದ್ದು. ತಿನ್ನುವ ಮಗುವಿಗೆ ಯಾವುದು ಯಾರದ್ದು ಅಂತ ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ.

2024ರ ಜುಲೈನಲ್ಲಿ ಸರ್ಕಾರ ಮತ್ತು ಫೌಂಡೇಶನ್ ಮಾಡಿಕೊಂಡ ಒಪ್ಪಂದ ಇದು. ಮೂರು ವರ್ಷ, ಸುಮಾರು 1,500 ಕೋಟಿ ರೂಪಾಯಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸುಮಾರು 55 ಲಕ್ಷ ಮಕ್ಕಳು. ಸುದ್ದಿ ಓದಿದವರಲ್ಲಿ ಎರಡು ಥರದ ಪ್ರಶ್ನೆ ಎದ್ದಿತು. ಒಂದು: ಗ್ಯಾರಂಟಿಗಳಿಗೆ ವರ್ಷಕ್ಕೆ 50 ಸಾವಿರ ಕೋಟಿ ಹೊಂದಿಸುವ ಸರ್ಕಾರ ಮಕ್ಕಳ ಮೊಟ್ಟೆಗೆ ಇನ್ನೊಬ್ಬರ ಮುಂದೆ ಯಾಕೆ ಕೈ ಚಾಚಬೇಕು? ಇನ್ನೊಂದು ಇದಕ್ಕೆ ಉಲ್ಟಾ: ಒಂದು ಖಾಸಗಿ ಸಂಸ್ಥೆಯೇ ಇಷ್ಟು ಚೆನ್ನಾಗಿ ಮಾಡಬಹುದಾದರೆ ನಾವು ತೆರಿಗೆ ಕಟ್ಟುವುದು ಯಾಕೆ? ಬಡವರ ಕೆಲಸವನ್ನು ದಾನಿಗಳಿಗೇ ಬಿಟ್ಟುಬಿಡಬಹುದಲ್ವಾ?

ಎರಡೂ ಪ್ರಶ್ನೆ ನ್ಯಾಯವಾದವೇ. ಬಿಪಿಎಲ್ ಕಾರ್ಡ್ ರದ್ದು, ಗೃಹಲಕ್ಷ್ಮಿ ಕಂತು ವಿಳಂಬ, ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಅಂತ ಬೇರೆ ಬೇರೆಯಾಗಿ ಬರುವ ಸುದ್ದಿಗಳೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ.

ದಾಸೋಹ ಎಂದು ಹೆಸರಿಟ್ಟ ಸರ್ಕಾರಿ ಯೋಜನೆ

ಹಸಿದವರಿಗೆ ಅನ್ನ ಹಾಕುವುದು ನಮ್ಮಲ್ಲಿ ಸರ್ಕಾರಕ್ಕಿಂತ ಎಷ್ಟೋ ಹಳೆಯ ಕೆಲಸ. ಹನ್ನೆರಡನೇ ಶತಮಾನದ ಶರಣರು ಕಾಯಕದ ಜೊತೆಗೇ ದಾಸೋಹ ಇಟ್ಟರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಡ ಮಕ್ಕಳು ಉಂಡು, ಓದಿ ಹೋಗಿದ್ದಾರೆ. ಧರ್ಮಸ್ಥಳದಲ್ಲಿ ದಿನವೂ ಪಂಕ್ತಿ ನಡೆಯುತ್ತದೆ. 2000ದಲ್ಲಿ ಬೆಂಗಳೂರಿನಲ್ಲಿ ಇಸ್ಕಾನ್‌ನವರು ಕೆಲವೇ ಶಾಲೆಗಳಿಗೆ ಊಟ ಕೊಡುತ್ತಾ ಅಕ್ಷಯ ಪಾತ್ರ ಶುರು ಮಾಡಿದರು.

ಮರುವರ್ಷ, 2001ರ ನವೆಂಬರ್ 28ರಂದು, ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಪಿಯುಸಿಎಲ್ ಸಂಘಟನೆ ಹಾಕಿದ್ದ ಆಹಾರ ಹಕ್ಕಿನ ಪ್ರಕರಣ ಅದು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದಿತು ಕೋರ್ಟ್. ಅಲ್ಲಿಯವರೆಗೆ ಬಹಳ ರಾಜ್ಯಗಳಲ್ಲಿ ಅಕ್ಕಿ, ಗೋಧಿ ಅಳೆದು ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ಕರ್ನಾಟಕ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಬಿಸಿಯೂಟ ಶುರು ಮಾಡಿ ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿಸಿತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ.

ಹೆಸರು ಚೆಂದ. ಆದರೆ ಒಂದು ವ್ಯತ್ಯಾಸವನ್ನು ಅದು ಮುಚ್ಚಿಡುತ್ತದೆ. ಮಠದ ಪಂಕ್ತಿಯಲ್ಲಿ ಕೂತವರು ಅತಿಥಿಗಳು. ಬಡಿಸಿದ್ದನ್ನು ಉಂಡು ಕೈಮುಗಿದು ಏಳುತ್ತಾರೆ. ಶಾಲೆಯ ಸಾಲಿನಲ್ಲಿ ನಿಂತ ಮಗು ಹಕ್ಕುದಾರ. 2013ರ ಆಹಾರ ಭದ್ರತಾ ಕಾಯ್ದೆ ಇದನ್ನು ಬರವಣಿಗೆಯಲ್ಲೇ ಇಟ್ಟಿದೆ. ಐದನೇ ತರಗತಿಯವರೆಗಿನ ಮಗುವಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಆರರಿಂದ ಎಂಟರವರೆಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಶಾಲೆ ನಡೆದ ದಿನ ಊಟ ಸಿಗದಿದ್ದರೆ ಅದರ ಬದಲು ಧಾನ್ಯ ಮತ್ತು ಹಣ ಲೆಕ್ಕ ಹಾಕಿ ಕೊಡಬೇಕು ಎಂದು 2015ರ ನಿಯಮ ಹೇಳುತ್ತದೆ. ಅಂದರೆ ತಪ್ಪಿದ ಊಟ ಸರ್ಕಾರದ ಮೇಲಿನ ಸಾಲ.

ಮೊಟ್ಟೆ ಮಾತ್ರ ಈ ಕಾಯ್ದೆಯ ಒಳಗಿಲ್ಲ. ಅದು ರಾಜ್ಯ ತಾನಾಗಿ ಸೇರಿಸಿದ್ದು. ಈ ಸಣ್ಣ ವಿಷಯ ಆಮೇಲೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಒಂದು ಮೊಟ್ಟೆ ತಟ್ಟೆಗೆ ಬರಲು ಎಷ್ಟು ವರ್ಷ

ಮೊಟ್ಟೆ ಕೊಡುವ ಮಾತು 2007ರಲ್ಲೇ ಬಂದಿತ್ತು. ವಿರೋಧ ಎದ್ದಿತು, ಸರ್ಕಾರ ಹಿಂದೆ ಸರಿಯಿತು. ಅಷ್ಟರಲ್ಲಿ ಪಕ್ಕದ ತಮಿಳುನಾಡಿನ ಮಕ್ಕಳು ವರ್ಷಗಟ್ಟಲೆ ಶಾಲೆಯಲ್ಲಿ ಮೊಟ್ಟೆ ತಿಂದರು. ನಮ್ಮಲ್ಲಿ ಅದು ಬಂದದ್ದು 2021ರ ಡಿಸೆಂಬರ್‌ನಲ್ಲಿ. ಅದೂ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಎಂಬ ಏಳು ಜಿಲ್ಲೆಗಳಿಗೆ ಮಾತ್ರ. ಅಪೌಷ್ಟಿಕತೆ ಜಾಸ್ತಿ ಇರುವುದು ಅಲ್ಲೇ ಎಂಬುದು ಕಾರಣ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಡೀ ರಾಜ್ಯದಲ್ಲೇ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ ಮಾತಾಡಿದ ವಿಡಿಯೋ ಊರೆಲ್ಲ ಹರಿದಾಡಿತು. ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದ ಮಾತು. ಕೆಲವರು ನಕ್ಕರು, ಕೆಲವರು ಸಿಟ್ಟಾದರು. ಆ ಹುಡುಗಿ ದಯೆ ಬೇಡುತ್ತಿರಲಿಲ್ಲ. ತನಗೆ ಬರಬೇಕಾದ್ದನ್ನು ಕೇಳುತ್ತಿದ್ದಳು. ಇಡೀ ಚರ್ಚೆಯ ಸಾರ ಆ ಅರ್ಧ ನಿಮಿಷದಲ್ಲಿ ಇತ್ತು ಎನ್ನಬಹುದು.

ಮುಂದಿನ ವರ್ಷ ಮೊಟ್ಟೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2023ರಲ್ಲಿ ವಾರಕ್ಕೆ ಎರಡಾಯಿತು, ಹತ್ತನೇ ತರಗತಿಯವರೆಗೆ ಹೋಯಿತು. 2024ರಲ್ಲಿ ಫೌಂಡೇಶನ್ ಬಂದು ಆರಾಯಿತು.

ತೆರಿಗೆ ಕಟ್ಟೋರು ಯಾರು?

ಈಗ ಆ ಎರಡು ಮೊಟ್ಟೆಯ ದುಡ್ಡು ಎಲ್ಲಿಂದ ಬಂತು ನೋಡೋಣ. "ನಾವು ತೆರಿಗೆ ಕಟ್ಟೋದು, ಅವರು ಬಿಟ್ಟಿ ತಿನ್ನೋದು" ಎಂಬ ಮಾತು ಸಂಬಳದ ದಿನ ಎಲ್ಲ ಆಫೀಸಿನಲ್ಲೂ ಕೇಳುತ್ತದೆ. ಸಿಟ್ಟು ಅರ್ಥವಾಗುವಂಥದ್ದೇ. ಸಂಬಳದಿಂದ ಟಿಡಿಎಸ್ ಹಿಡಿದದ್ದು ಸ್ಲಿಪ್ಪಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ದೇಶದ ಜನಸಂಖ್ಯೆಯಲ್ಲಿ ಆದಾಯ ತೆರಿಗೆಯನ್ನು ನಿಜವಾಗಿ ಕಟ್ಟುವವರು ನೂರಕ್ಕೆ ಎರಡು ಮೂರು ಮಂದಿ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂದ ಮೇಲೆ ಈ ಗುಂಪು ಇನ್ನೂ ಸಣ್ಣದಾಯಿತು.

ಆದರೆ ಆದಾಯ ತೆರಿಗೆಯೊಂದೇ ತೆರಿಗೆಯಲ್ಲ. ಒಂದು ಮೊಬೈಲ್ ರೀಚಾರ್ಜ್ ತಗೊಳ್ಳಿ. 299 ರೂಪಾಯಿಯ ಪ್ಯಾಕ್. ಇದರಲ್ಲಿ ಜಿಎಸ್‌ಟಿ ಶೇ 18. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 46 ರೂಪಾಯಿ ತೆರಿಗೆ. ಅಪಾರ್ಟ್‌ಮೆಂಟಿನ ವಾಚ್‌ಮನ್ ಹಾಕಿಸಿದರೂ 46, ಅದೇ ಅಪಾರ್ಟ್‌ಮೆಂಟಿನ ಐದನೇ ಮಹಡಿಯ ಮ್ಯಾನೇಜರ್ ಹಾಕಿಸಿದರೂ 46. ವಾಚ್‌ಮನ್ ಸಂಬಳ 12 ಸಾವಿರ, ಮ್ಯಾನೇಜರದ್ದು 3 ಲಕ್ಷ ಅಂದುಕೊಳ್ಳಿ. ಆದಾಯಕ್ಕೆ ಹೋಲಿಸಿದರೆ ವಾಚ್‌ಮನ್ ಮೇಲೆ ಬಿದ್ದ ಹೊರೆ 25 ಪಟ್ಟು ಜಾಸ್ತಿ. ಸ್ಲಿಪ್ಪಿಲ್ಲ, ಹಾಗಾಗಿ ಕಾಣುವುದಿಲ್ಲ ಅಷ್ಟೆ.

ಸೋಪು, ಟೂತ್‌ಪೇಸ್ಟ್, ಬಿಸ್ಕೆಟ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ 5ಕ್ಕೆ ಇಳಿಯಿತು. ಒಳ್ಳೆಯದಾಯಿತು. ಆದರೆ ಜಿಎಸ್‌ಟಿಯ ಹೊರಗೆ ಇರುವವು ಏರುತ್ತಲೇ ಇವೆ. ರಾಜ್ಯದ ಡೀಸೆಲ್ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಏರಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿ ಶೇ 21.17 ಆಯಿತು. ಡೀಸೆಲ್ ಹಾಕಿಸುವುದು ಲಾರಿಯವನು, ಕೊನೆಗೆ ಕೊಡುವುದು ಟೊಮೆಟೊ ಕೊಳ್ಳುವವರು. ಇನ್ನು ಮದ್ಯ. 2025–26ಕ್ಕೆ ಅಬಕಾರಿ ಇಲಾಖೆಗೆ ಸರ್ಕಾರ ಇಟ್ಟ ಗುರಿ 40,000 ಕೋಟಿ. ಸಂಜೆ ವೈನ್ ಶಾಪ್ ಮುಂದೆ ಕ್ವಾರ್ಟರ್ ಬಾಟಲಿಗೆ ನಿಲ್ಲುವವರಲ್ಲಿ ಕೂಲಿ ಮಾಡುವವರೇ ಜಾಸ್ತಿ. ಗೃಹಲಕ್ಷ್ಮಿಯ ಎರಡು ಸಾವಿರ ಹೆಂಡತಿಯ ಖಾತೆಗೆ ಬಂದರೆ ಅದರ ಒಂದು ಪಾಲು ಗಂಡನ ಬಾಟಲಿ ಮೂಲಕ ವಾಪಸ್ ಖಜಾನೆಗೆ ಹೋಗುತ್ತದೆ ಎಂದು ಹಳ್ಳಿಯವರೇ ತಮಾಷೆ ಮಾಡುತ್ತಾರೆ. ತಮಾಷೆಯಲ್ಲಿ ಲೆಕ್ಕ ಇದೆ.

ಇಲ್ಲಿ ಇನ್ನೊಂದು ಮಜಾ ಇದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ದೆಹಲಿಯ ಜಂತರ್ ಮಂತರ್‌ನಲ್ಲಿ "ನನ್ನ ತೆರಿಗೆ, ನನ್ನ ಹಕ್ಕು" ಎಂದು ಧರಣಿ ಕೂತಿತು. ಹದಿನೈದನೇ ಹಣಕಾಸು ಆಯೋಗ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿತ್ತು, ಸಿಟ್ಟಿಗೆ ಕಾರಣ ಇತ್ತು. ಆದರೆ ಅದೇ ಘೋಷಣೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಿ ನೋಡಿ. ರಾಜ್ಯದ ಜಿಡಿಪಿಯಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಬೆಂಗಳೂರಿನದ್ದು. ಬೆಂಗಳೂರಿನವರು ಯಾದಗಿರಿಯ ಕಡೆ ತಿರುಗಿ ಇದೇ ಮಾತು ಹೇಳಿದರೆ? ಮ್ಯಾನೇಜರ್ ವಾಚ್‌ಮನ್ ಕಡೆ ತಿರುಗಿ ಹೇಳಿದರೆ? ಯಾವ ಮೆಟ್ಟಿಲಿನಲ್ಲಿ ನಿಂತಿದ್ದೇವೆ ಎಂಬುದರ ಮೇಲೆ ಘೋಷಣೆ ನ್ಯಾಯವಾಗಿಯೋ ಜುಗ್ಗತನವಾಗಿಯೋ ಕೇಳುತ್ತದೆ.

ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಹಾಗಂತ ಗ್ಯಾರಂಟಿಗಳನ್ನು ಟೀಕಿಸುವವರ ವಾದ ಪೊಳ್ಳಲ್ಲ. ಅದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. 2022ರ ಜುಲೈನಲ್ಲಿ ಪ್ರಧಾನಿ ಮೋದಿ "ರೇವಡಿ ಸಂಸ್ಕೃತಿ" (ವೋಟಿಗಾಗಿ ಬಿಟ್ಟಿ ಮಿಠಾಯಿ ಹಂಚುವ ಚಾಳಿ) ಎಂದು ಚುಚ್ಚಿದ ಮೇಲೆ ಇದು ಪಕ್ಷಗಳ ಜಗಳವಾಗಿ ಹೋಯಿತು. ಆಮೇಲೆ ಎಲ್ಲ ಪಕ್ಷಗಳೂ ಒಂದಲ್ಲ ಒಂದು ರಾಜ್ಯದಲ್ಲಿ ಹೆಂಗಸರ ಖಾತೆಗೆ ದುಡ್ಡು ಹಾಕುವ ಭರವಸೆ ಕೊಟ್ಟಿವೆ. ಪಕ್ಷ ಬಿಟ್ಟು ಲೆಕ್ಕ ನೋಡೋಣ.

2025–26ರ ರಾಜ್ಯ ಬಜೆಟ್ ಗಾತ್ರ 4,09,549 ಕೋಟಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ 51,034 ಕೋಟಿ. ಅಂದರೆ ಎಂಟು ರೂಪಾಯಿಯಲ್ಲಿ ಒಂದು ರೂಪಾಯಿ. ಅದೇ ಬಜೆಟ್‌ನಲ್ಲಿ ರಾಜಸ್ವ ಕೊರತೆ 19,262 ಕೋಟಿ. ಈ ಕೊರತೆ ಅಂದರೆ ಏನು? ಮನೆ ಕಟ್ಟಲು ಸಾಲ ಮಾಡುವುದು ಬೇರೆ, ತಿಂಗಳ ದಿನಸಿಗೆ ಸಾಲ ಮಾಡುವುದು ಬೇರೆ. ರಾಜಸ್ವ ಕೊರತೆ ಎರಡನೇ ಥರದ್ದು. ಇದಕ್ಕೆ ಗ್ಯಾರಂಟಿಯೊಂದೇ ಕಾರಣ ಎನ್ನುವುದು ತಪ್ಪು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಸಂಬಳವೂ ಜಾರಿಯಾಯಿತು. ಆದರೆ ಗ್ಯಾರಂಟಿ ದೊಡ್ಡ ಕಾರಣ ಎಂಬುದನ್ನು ಅಲ್ಲಗಳೆಯುವುದೂ ಕಷ್ಟ. ದುಡ್ಡು ಎಲ್ಲಿಂದಲೋ ಬರಬೇಕಲ್ಲ. 2025ರ ಜನವರಿಯಲ್ಲಿ ಬಸ್ ದರ ಶೇ 15 ಏರಿತು. ಹೆಂಡತಿ ಫ್ರೀಯಾಗಿ ಹತ್ತುವ ಬಸ್ಸಿನಲ್ಲಿ ಗಂಡ ಹದಿನೈದು ಪರ್ಸೆಂಟ್ ಜಾಸ್ತಿ ಕೊಟ್ಟು ಹತ್ತುತ್ತಾನೆ.

ಟೀಕೆಗಳಲ್ಲೆಲ್ಲ ಗಟ್ಟಿಯಾದದ್ದು ಇನ್ನೊಂದಿದೆ. ಶ್ರೀಮಂತರು ಅದನ್ನು ಅಷ್ಟಾಗಿ ಎತ್ತುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಅಭಿವೃದ್ಧಿಗೇ ಎಂದು 2013ರ ಕಾಯ್ದೆ ಎತ್ತಿಟ್ಟ ಎಸ್‌ಸಿಎಸ್‌ಪಿ–ಟಿಎಸ್‌ಪಿ ಹಣ ಇದೆ. 2024–25ರಲ್ಲಿ ಅದರಿಂದ 14 ಸಾವಿರ ಕೋಟಿಗೂ ಜಾಸ್ತಿ ಹಣವನ್ನು ಗ್ಯಾರಂಟಿಗಳಿಗೆ ಹಾಕಿಕೊಂಡರು. ಆ ಸಮುದಾಯದವರೂ ಫಲಾನುಭವಿಗಳಲ್ಲವೇ ಎಂಬುದು ಸರ್ಕಾರದ ಸಮಜಾಯಿಷಿ. ಆದರೆ ಎಲ್ಲರಿಗೂ ಸಿಗುವ ಕರೆಂಟು, ಬಸ್ಸು ಬೇರೆ. ಒಂದು ಸಮುದಾಯಕ್ಕೇ ಅಂತ ಇದ್ದ ಹಾಸ್ಟೆಲ್, ಕೊಳವೆಬಾವಿ, ಭೂಮಿ ಕೊಳ್ಳುವ ನೆರವು ಬೇರೆ. ಎರಡನೆಯದರ ದುಡ್ಡಿನಲ್ಲಿ ಮೊದಲನೆಯದನ್ನು ಕೊಟ್ಟರೆ ಬಡವರ ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ತೆರಿಗೆ ದರ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಆದಾಯ ಬಿಟ್ಟುಕೊಡುತ್ತಿದ್ದೇವೆ ಎಂದು ತಾನೇ ಹೇಳಿತು. ಅದಕ್ಕೆ ಯಾರೂ ಬಿಟ್ಟಿ ಭಾಗ್ಯ ಎನ್ನಲಿಲ್ಲ. ಪ್ರೋತ್ಸಾಹ ಎಂದರು.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ

ಹಾಗಾದರೆ ದಾನಕ್ಕೇ ಬಿಟ್ಟರೆ? ಈ ವಾದ ಮಾಡುವವರು ಹೇಳುವುದು ಹೀಗೆ: ದಾನಿಗೆ ತನ್ನ ದುಡ್ಡಿನ ಕಾಳಜಿ ಇರುತ್ತದೆ, ಸೋರಿಕೆ ಕಡಿಮೆ, ಫೈಲು ಹತ್ತು ಟೇಬಲ್ ತಿರುಗಬೇಕಾಗಿಲ್ಲ, ಒತ್ತಾಯವೂ ಇಲ್ಲ. ಮೊಟ್ಟೆ ವಿಷಯದಲ್ಲಿ ಇದು ಬಹಳ ಮಟ್ಟಿಗೆ ನಿಜ. ಸರ್ಕಾರ ಎರಡರಿಂದ ಮೂರಕ್ಕೆ ಹೋಗಲು ಯೋಚಿಸುವಷ್ಟರಲ್ಲಿ ಫೌಂಡೇಶನ್ ಆರಕ್ಕೆ ಒಯ್ದಿತು.

ತೊಡಕು ಇರುವುದು ಗಾತ್ರದಲ್ಲಿ. ಒಂದು ಮೊಟ್ಟೆಗೆ ಇಟ್ಟಿರುವ ದರ 6 ರೂಪಾಯಿ. 55 ಲಕ್ಷ ಮಕ್ಕಳು, ವಾರಕ್ಕೆ ನಾಲ್ಕು. ವಾರಕ್ಕೆ 13 ಕೋಟಿ ಚಿಲ್ಲರೆ. ವರ್ಷಕ್ಕೆ 40 ವಾರ ಶಾಲೆ ಅಂದುಕೊಂಡರೆ ಸುಮಾರು 528 ಕೋಟಿ. ಮೂರು ವರ್ಷಕ್ಕೆ ಒಂದೂವರೆ ಸಾವಿರ ಕೋಟಿ ದಾಟುತ್ತದೆ, ಒಪ್ಪಂದದ ಮೊತ್ತಕ್ಕೆ ಸರಿಹೊಂದುತ್ತದೆ. ಇದು ದೇಶದ ಅತಿ ದೊಡ್ಡ ದಾನಿಗಳಲ್ಲಿ ಒಬ್ಬರ ಕೈ. 2019ರ ಹೊತ್ತಿಗೇ ಅಜೀಂ ಪ್ರೇಮ್‌ಜಿ ವಿಪ್ರೋದಲ್ಲಿನ ಮೂರನೇ ಎರಡರಷ್ಟು ಷೇರುಗಳ ಲಾಭವನ್ನು ಇಂಥ ಕೆಲಸಕ್ಕೆ ಎತ್ತಿಟ್ಟವರು. ಅಂಥ ಇನ್ನೊಬ್ಬರನ್ನು ತೋರಿಸುವುದು ಕಷ್ಟ.

ಈಗ ಇನ್ನೊಂದು ಕಡೆ. ಗೃಹಲಕ್ಷ್ಮಿ ಪಡೆಯುವವರು ಸುಮಾರು 1.2 ಕೋಟಿ ಹೆಂಗಸರು. ತಲೆಗೆ 2,000. ತಿಂಗಳಿಗೆ 2,400 ಕೋಟಿ. ಅಂದರೆ ಆ ಮಹಾದಾನಿಯ ಮೂರು ವರ್ಷದ ಮೊಟ್ಟೆಯ ದುಡ್ಡು ಗೃಹಲಕ್ಷ್ಮಿಗೆ ಮೂರು ವಾರವೂ ಬರುವುದಿಲ್ಲ. ಪಡಿತರ, ಪಿಂಚಣಿ, ಸರ್ಕಾರಿ ಆಸ್ಪತ್ರೆಗಳನ್ನು ಇನ್ನೂ ಸೇರಿಸಿಯೇ ಇಲ್ಲ.

ಗಾತ್ರದ ಮೇಲೆ ಜಾಗದ ತೊಡಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಎಂದು ಕರೆಯುವುದು ಇದನ್ನೇ. ಇದು ದಾನವೋ ತೆರಿಗೆಯೋ ಎಂಬುದೇ ಚರ್ಚೆ. ಕಡ್ಡಾಯ ಆದ್ದರಿಂದ ತೆರಿಗೆಯ ಹಾಗೆ. ಎಲ್ಲಿ ಖರ್ಚು ಮಾಡಬೇಕೆಂದು ಕೊಡುವವರೇ ತೀರ್ಮಾನಿಸುವುದರಿಂದ ದಾನದ ಹಾಗೆ. ಕಾಯ್ದೆಯೇ ಕಂಪನಿ ಇರುವ ಸುತ್ತಮುತ್ತಲಿಗೆ ಆದ್ಯತೆ ಕೊಡಿ ಎನ್ನುತ್ತದೆ. ಪರಿಣಾಮ ಊಹಿಸಬಹುದು. ಕಂಪನಿಗಳು ಬೆಂಗಳೂರಿನಲ್ಲಿವೆ, ಕೆರೆ ಅಭಿವೃದ್ಧಿಯೂ ಸ್ಮಾರ್ಟ್ ಕ್ಲಾಸೂ ಬೆಂಗಳೂರಿನ ಸುತ್ತ ಜಾಸ್ತಿ. ದೇವದುರ್ಗ, ಶಹಾಪುರದ ಕಡೆ ಎಷ್ಟು ಕಂಪನಿಗಳಿವೆ?

ಇನ್ನು ದಾನ ಪೂರ್ತಿ ಖಾಸಗಿಯೂ ಅಲ್ಲ. ಹಳೆ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು 80ಜಿ ರಸೀದಿ ಕೊಡುವ ಸಂಸ್ಥೆಗೆ 10,000 ಕೊಟ್ಟರೆ ಸಾಮಾನ್ಯವಾಗಿ ಅದರ ಅರ್ಧಕ್ಕೆ ವಿನಾಯಿತಿ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ 1,500 ರೂಪಾಯಿ ತೆರಿಗೆ ಉಳಿಯುತ್ತದೆ. ಅಂದರೆ ಆ ಹತ್ತು ಸಾವಿರದಲ್ಲಿ ಒಂದೂವರೆ ಸಾವಿರ ಖಜಾನೆಯದ್ದು. ರಸೀದಿ ಮೇಲೆ ಮಾತ್ರ ದಾನಿಯ ಹೆಸರು.

ಮೆನು ಯಾರು ಬರೆಯುತ್ತಾರೆ ಎಂಬುದೂ ಇದೆ. ಅಕ್ಷಯ ಪಾತ್ರದ ಅಡುಗೆಮನೆಗಳು ಶುಚಿಗೆ, ಶಿಸ್ತಿಗೆ ಹೆಸರಾದವು. ಆದರೆ ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಮೊಟ್ಟೆಯಂತೂ ಇಲ್ಲ. ಅದು ಅವರ ನಂಬಿಕೆ, ತಪ್ಪೆನ್ನಲಾಗದು. ಆದರೆ ಮನೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆಯ ಸಾರು ಉಂಡು ಬೆಳೆದ ಮಗು ಶಾಲೆಯಲ್ಲಿ ದಾನಿಯ ನಂಬಿಕೆಯನ್ನು ಉಣ್ಣಬೇಕೇ ಎಂಬ ಪ್ರಶ್ನೆ 2019ರಲ್ಲಿ ಜೋರಾಗಿ ಎದ್ದಿದ್ದು ಸುಮ್ನೆ ಅಲ್ಲ.

ಬಡವ ಅಂತ ಕಾರ್ಡು ಹೇಳಬೇಕು

ಸರ್ಕಾರದ ದಾರಿಯ ಮುಳ್ಳು ಬೇರೆ. ಎಲ್ಲರಿಗೂ ಕೊಟ್ಟರೆ ದುಡ್ಡು ಸಾಲದು, ಬಡವರಿಗೆ ಮಾತ್ರ ಎಂದರೆ ಬಡವರನ್ನು ಗುರುತಿಸಬೇಕು. ಅಲ್ಲೇ ಎಡವುವುದು.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ಪರಿಶೀಲನೆ ನಡೆದು ಬಹಳ ಜನ ನ್ಯಾಯಬೆಲೆ ಅಂಗಡಿಗೆ ಹೋದಾಗ ತಮ್ಮ ಕಾರ್ಡ್ ಎಪಿಎಲ್ ಆಗಿರುವುದು ಗೊತ್ತಾಯಿತು. ಗದ್ದಲ ಎದ್ದಿತು. ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು. ಗೊಂದಲದ ಮೂಲ ಅಳತೆಗೋಲಿನಲ್ಲೇ ಇದೆ. ಬಿಪಿಎಲ್‌ಗೆ ವರ್ಷದ ಆದಾಯ ಮಿತಿ 1.2 ಲಕ್ಷ, ಅಂದರೆ ತಿಂಗಳಿಗೆ ಹತ್ತು ಸಾವಿರ. ಬಹಳಷ್ಟು ಕೆಲಸಗಳಿಗೆ ಸರ್ಕಾರವೇ ಗೊತ್ತುಮಾಡಿದ ಕನಿಷ್ಠ ವೇತನ ಇದನ್ನು ದಾಟುತ್ತದೆ. ಕಾನೂನು ಪ್ರಕಾರ ಸಂಬಳ ಸಿಕ್ಕರೆ ಕಾನೂನು ಪ್ರಕಾರ ಬಡವನಲ್ಲ!

ಅದರ ಮೇಲೆ ಐಟಿ ರಿಟರ್ನ್ಸ್. ಆಟೋ ಕೊಳ್ಳಲು ಸಾಲ ಬೇಕು, ಬ್ಯಾಂಕಿನವರು ರಿಟರ್ನ್ಸ್ ಕೇಳುತ್ತಾರೆ, ಆಡಿಟರ್ ಹತ್ತಿರ ಹೋಗಿ ಒಂದು ಫೈಲ್ ಮಾಡಿಸುತ್ತಾರೆ. ಕಟ್ಟಿದ ತೆರಿಗೆ ಸೊನ್ನೆ. ಆದರೆ ಕಂಪ್ಯೂಟರ್‌ಗೆ ರಿಟರ್ನ್ಸ್ ಸಲ್ಲಿಸಿದವನೂ ತೆರಿಗೆ ಕಟ್ಟಿದವನೂ ಒಂದೇ ಥರ ಕಂಡರೆ ಕಥೆ ಮುಗಿಯಿತು. ಗೃಹಲಕ್ಷ್ಮಿಗೂ ಹಾಗೆಯೇ. ಹೆಂಡತಿಯೋ ಗಂಡನೋ ಐಟಿ ಇಲ್ಲವೇ ಜಿಎಸ್‌ಟಿ ಲೆಕ್ಕ ಸಲ್ಲಿಸುತ್ತಿದ್ದರೆ ಹಣ ಇಲ್ಲ. ಕಾರ್ಡ್ ಹೋದರೆ ಹೋಗುವುದು ಅಕ್ಕಿ ಮಾತ್ರವಲ್ಲ. ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ಗೆ ಖರ್ಚಿನ ಶೇ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಆದಾಯ ಸಾವಿರ ರೂಪಾಯಿ ಜಾಸ್ತಿಯಾಗಿ ಗೆರೆ ದಾಟಿದರೆ ಕಳೆದುಕೊಳ್ಳುವುದು ಲಕ್ಷಗಳಲ್ಲಿ. ಹೀಗಿರುವಾಗ ಜನ ಆದಾಯ ಮುಚ್ಚಿಡುತ್ತಾರೆ. ಅವರನ್ನು ಕಳ್ಳರು ಎನ್ನುವ ಮೊದಲು ಆ ಗೆರೆ ಎಷ್ಟು ಕಡಿದಾಗಿದೆ ನೋಡಬೇಕು.

2025ರ ಜುಲೈನಲ್ಲಿ ಇದೇ ಭಯ ಬೇರೆ ರೂಪದಲ್ಲಿ ಬಂತು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷದ ನೋಟಿಸ್ ಬಂದದ್ದು ಸುದ್ದಿಯಾಯಿತು. ಬಿಡಿಯಾಗಿ ಮಾರುವ ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಖಾತೆಗೆ ಬಂದ ದುಡ್ಡಿಗೆಲ್ಲ ತೆರಿಗೆ ಹಾಕುತ್ತಾರೆ ಎಂದು ಜನ ಹೆದರಿದರು, ಕೆಲವು ಅಧಿಕಾರಿಗಳ ನಡೆಯೂ ಹಾಗೇ ಇತ್ತು. ಬೆಂಗಳೂರಿನ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಯುಪಿಐ ಇಲ್ಲ, ಕ್ಯಾಶ್ ಕೊಡಿ" ಎಂಬ ಚೀಟಿ ಅಂಟಿಸಿದರು. ಕೊನೆಗೆ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಿತು.

ಶಕ್ತಿ ಯೋಜನೆ ಈ ಜಂಜಾಟದಿಂದ ತಪ್ಪಿಸಿಕೊಂಡಿದೆ. ಯಾವ ಕಾರ್ಡೂ ಬೇಡ. ರಾಜ್ಯದ ವಿಳಾಸ ಇರುವ ಗುರುತಿನ ಚೀಟಿ ತೋರಿಸಿ, ಸೊನ್ನೆ ಟಿಕೆಟ್ ತಗೊಂಡು ಕೂತರಾಯಿತು. ಸಿರಿವಂತ ಹೆಂಗಸರೂ ಹತ್ತಬಹುದಲ್ಲ ಎಂದರೆ, ಹತ್ತಬಹುದು. ಆದರೆ ಐರಾವತಕ್ಕೆ ಇದು ಅನ್ವಯಿಸುವುದಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಕಿಕ್ಕಿರಿದ ಕೆಂಪು ಬಸ್ಸಿನಲ್ಲಿ ಕಂಬ ಹಿಡಿದು ನಿಲ್ಲಲು ಕಾರಿದ್ದವರು ಬರುವುದಿಲ್ಲ. ಬಡವರನ್ನು ಹುಡುಕುವ ಕೆಲಸವನ್ನು ಆ ಬಸ್ಸೇ ಮಾಡುತ್ತದೆ. ಶಾಲೆಯ ಮೊಟ್ಟೆಯೂ ಹಾಗೇ. ಸರ್ಕಾರಿ ಶಾಲೆಯ ಸಾಲಿನಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ.

ದಾನದ ಹಸು, ತೆರಿಗೆಯ ಹಸು

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಎಂದು ನನಗನಿಸುತ್ತದೆ. ತೆರಿಗೆಯ ಹಸುವಿನ ಹಲ್ಲನ್ನು ಎಣಿಸಬಹುದು, ಎಣಿಸಲೇಬೇಕು.

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಆದದ್ದು ನೋಡಿ. ಅದೇ ವರ್ಷದ ಫೆಬ್ರವರಿ, ಮಾರ್ಚ್ ತಿಂಗಳ ಗೃಹಲಕ್ಷ್ಮಿ ಕಂತು ಹಾಕಿಯೇ ಇಲ್ಲ ಎಂದು ವಿರೋಧ ಪಕ್ಷ ಎತ್ತಿ ಹಿಡಿಯಿತು. ಆಗಸ್ಟ್‌ವರೆಗೆ ಎಲ್ಲ ಕೊಟ್ಟಾಗಿದೆ ಎಂದಿದ್ದ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್ ಆಮೇಲೆ ಸದನದಲ್ಲಿ ವಿಷಾದ ವ್ಯಕ್ತಪಡಿಸಬೇಕಾಯಿತು. ಸರ್ಕಾರ ತಪ್ಪಿತು ಎಂದು ಇದನ್ನು ಓದಬಹುದು. ತಪ್ಪಿದ್ದಕ್ಕೆ ಕಟಕಟೆಗೆ ಬಂತು ಎಂದೂ ಓದಬಹುದು. ಒಬ್ಬ ದಾನಿ ಎರಡು ತಿಂಗಳು ಕೊಡದಿದ್ದರೆ ಯಾವ ಸದನದಲ್ಲೂ ಪ್ರಶ್ನೆ ಏಳುವುದಿಲ್ಲ. ಇಷ್ಟು ದಿನ ಕೊಟ್ಟರಲ್ಲ, ಪುಣ್ಯಾತ್ಮರು ಎನ್ನುತ್ತಾರೆ.

ಶಾಲೆಯ ಮಟ್ಟದಲ್ಲೂ ಇದೇ. ಮಂಗಳವಾರ ಅನ್ನ ಬೇಯದಿದ್ದರೆ ಶಾಲಾ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಹೆಡ್‌ಮಾಸ್ಟರ್‌ನ ಕೇಳಬಹುದು, ಅಕ್ಷರ ದಾಸೋಹದ ಅಧಿಕಾರಿಗೆ ದೂರು ಕೊಡಬಹುದು, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಕೇಳಿದ ತಕ್ಷಣ ಉತ್ತರ ಬರುತ್ತದೆ ಎಂದಲ್ಲ. ಎಷ್ಟೋ ಸಲ ಬರುವುದೇ ಇಲ್ಲ. ಆದರೆ ಕೇಳುವ ಬಾಗಿಲು ಅಂತ ಒಂದಿದೆ.

ಫೌಂಡೇಶನ್ ಒಂದು ಜಾಣತನ ಮಾಡಿದೆ. ತನ್ನದೇ ಅಡುಗೆಮನೆ ಕಟ್ಟಲಿಲ್ಲ, ತನ್ನ ಹೆಸರಿನ ಊಟ ಬಡಿಸಲಿಲ್ಲ. ಸರ್ಕಾರದ ಅಡುಗೆಮನೆ, ಸರ್ಕಾರದ ಅಡುಗೆಯವರು, ಸರ್ಕಾರದ ರಿಜಿಸ್ಟರ್ ಮೂಲಕವೇ ದುಡ್ಡು ಹರಿಯುವಂತೆ ಮಾಡಿತು. ಹಾಗಾಗಿ ನಾಲ್ಕು ಮೊಟ್ಟೆಯ ಬಗ್ಗೆಯೂ ಪಾಲಕರು ಶಾಲೆಯನ್ನೇ ಕೇಳಬಹುದು. ಇಪ್ಪತ್ತು ವರ್ಷದಿಂದ ತೆರಿಗೆ ದುಡ್ಡಿನಲ್ಲಿ ನಿಂತ ಬಿಸಿಯೂಟ ಇಲ್ಲದಿದ್ದರೆ ಆ 1,500 ಕೋಟಿ ಇಟ್ಟುಕೊಂಡು 55 ಲಕ್ಷ ತಟ್ಟೆಗಳನ್ನು ಮುಟ್ಟುವುದು ಯಾವ ದಾನಿಗೂ ಆಗುತ್ತಿರಲಿಲ್ಲ.

2027ರ ಮೇಲೆ?

ಮೂರು ವರ್ಷದ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಆಗ ಮೂರು ದಾರಿಗಳಿವೆ. ಫೌಂಡೇಶನ್ ಮುಂದುವರಿಸಬಹುದು. ಸರ್ಕಾರ ವಹಿಸಿಕೊಳ್ಳಬಹುದು. ಇಲ್ಲವೇ ಆರು ಮತ್ತೆ ಎರಡಾಗಬಹುದು. ಮೂರನೆಯದಾದರೆ ಕೋರ್ಟಿಗೆ ಹೋಗುವುದೂ ಕಷ್ಟ, ಏಕೆಂದರೆ ಮೊಟ್ಟೆ ಕಾಯ್ದೆಯ ಒಳಗಿಲ್ಲ.

ಅಷ್ಟರೊಳಗೆ ದರದ ಗುದ್ದಾಟ ಬೇರೆ ಇದೆ. ಆ ಆರು ರೂಪಾಯಿಯಲ್ಲೇ ಮೊಟ್ಟೆ ಕೊಳ್ಳಬೇಕು, ಗ್ಯಾಸ್ ಉರಿಸಿ ಬೇಯಿಸಬೇಕು, ಸುಲಿದು ಬಡಿಸಬೇಕು. ಚಳಿಗಾಲ ಬಂತೆಂದರೆ ಅಂಗಡಿಯಲ್ಲಿ ಒಂದು ಮೊಟ್ಟೆ ಏಳು ರೂಪಾಯಿ ದಾಟುತ್ತದೆ. ಮಿಕ್ಕದ್ದನ್ನು ಹೆಡ್‌ಮಾಸ್ಟರ್ ತಮ್ಮ ಜೇಬಿನಿಂದ ಹಾಕುತ್ತಾರೆ, ಇಲ್ಲವೇ ಆ ದಿನ ಬಾಳೆಹಣ್ಣು ಕೊಟ್ಟು ಸರಿದೂಗಿಸುತ್ತಾರೆ. ತೆರಿಗೆ ಮತ್ತು ದಾನದ ಜೊತೆಗೆ ಮೂರನೆಯ ದಾನಿಯೂ ಒಬ್ಬರಿದ್ದಾರೆ. ಅವರಿಗೆ 80ಜಿ ರಸೀದಿ ಸಿಗುವುದಿಲ್ಲ.

ಇಂದಿನ ದರದಲ್ಲಿ ಆ ನಾಲ್ಕು ಮೊಟ್ಟೆಗೆ ವರ್ಷಕ್ಕೆ 528 ಕೋಟಿ. ಗ್ಯಾರಂಟಿಗಳಿಗೆ ಇಡುವ ಹಣದಲ್ಲಿ ನೂರಕ್ಕೆ ಒಂದು. 2028ರಲ್ಲಿ ವಿಧಾನಸಭೆ ಚುನಾವಣೆ ಇದೆ, ಮೊಟ್ಟೆ ತಿನ್ನುವ ಮಕ್ಕಳಿಗೆ ವೋಟಿಲ್ಲ. 2027ರ ಮಾರ್ಚ್‌ನಲ್ಲಿ ಬಜೆಟ್ ಪುಸ್ತಕ ಬಂದಾಗ ಶಾಲಾ ಶಿಕ್ಷಣ ಇಲಾಖೆಯ ಪುಟದಲ್ಲಿ ಈ 528 ಕೋಟಿಯ ಸಾಲು ಇದೆಯಾ ಇಲ್ವಾ ಎಂದು ಮೊದಲು ಹುಡುಕಬೇಕು.